ಪೆಟ್ಟಿಗೆಯ ಮೇಲೆ ಮದುಮಗಳು

ಸಭಾಂಗಣದ ಬಾಗಿಲು ತೆಗೆದ ನೆರ್ಮೀನ್ ಅಲ್ಲೇ ನಿಂತುಬಿಟ್ಟಳು. ನಾಳೆ ಎರಡು ಸಾವಿರ ವರ್ಷದ ಹೂಜಿ ಕೂರಬೇಕಾದ ಪೀಠದಲ್ಲಿ ಇವತ್ತು ಮದುಮಗಳು ಕೂತಿದ್ದಳು. ಪಕ್ಕದಲ್ಲಿ ಮದುಮಗ, ಸುತ್ತ ಡೋಲು, ಚಪ್ಪಾಳೆ, ನಾಲಿಗೆ ಹೊರಳಿಸಿ ಕೇಕೆ ಹಾಕುವ ಹೆಂಗಸರು. ಈಜಿಪ್ಟಿನ ಆ ಮಿನ್ಯಾ ಪಟ್ಟಣದ ಅರ್ಧ ಜನವೇ ಅಲ್ಲಿ ನೆರೆದಿತ್ತು.

ಊರೂರು ಸುತ್ತುವ ಈ ಹೂಜಿ ಪ್ರದರ್ಶನದ ವಿನ್ಯಾಸ ನೆರ್ಮೀನ್‌ಳದು. ಹೂಜಿಗಳನ್ನು ಹೊತ್ತು ತರುವ ಪೆಟ್ಟಿಗೆಗಳೇ ಬಿಚ್ಚಿ ಪೀಠಗಳಾಗುವಂತೆ ಅವಳು ರೂಪಿಸಿದ್ದಳು. ಮೊಳೆಯಿಲ್ಲ, ಅಂಟಿಲ್ಲ, ಮುಗಿದ ಮೇಲೆ ಮಡಚಿ ಮುಂದಿನ ಊರಿಗೆ. ಊರೂರಿಗೂ ಹೊಸ ಹಲಗೆ ಹೊಡೆಸಿ ಆಮೇಲೆ ಕಸಕ್ಕೆಸೆಯುವುದು ಇನ್ನು ಸಾಕು ಎಂಬುದು ಅವಳ ಹಟ. “ಇದೆಲ್ಲ ಗಟ್ಟಿ ನಿಲ್ಲಲ್ಲಮ್ಮ” ಎಂದಿದ್ದ ವಸ್ತುಸಂಗ್ರಹಾಲಯದ ನಿರ್ದೇಶಕ ವಜೀಹ್ ಇನ್ನೇನು ಪರೀಕ್ಷಿಸಲು ಬರುವವರಿದ್ದರು. ಅವರು ತಲೆಯಾಡಿಸದಿದ್ದರೆ ಪೆಟ್ಟಿಗೆಗಳೆಲ್ಲ ಗುಜರಿಗೆ.

“ಬುರಯಿ ಮೇಸ್ತ್ರಿ, ಏನ್ರೀ ಇದು?” ಪೀಠ ಜೋಡಿಸಿದ್ದ ಸಭಾಂಗಣದ ಮೇಸ್ತ್ರಿಯನ್ನು ಹುಡುಕಿ ಕೇಳಿದಳು.

“ನೀವೇ ಫೋನಲ್ಲಿ ಹೇಳಿದ್ರಲ್ಲ ಮೇಡಂ. ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿ, ನಡುವೆ ಎತ್ತರ ಇರ್ಲಿ, ಬಂದೋರ ಕಣ್ಣೆಲ್ಲ ಅಲ್ಲೇ ನೆಟ್ಟಿರ್ಬೇಕು ಅಂತ. ಈ ಹಾಲ್‌ನಲ್ಲಿ ಮದುಮಗಳನ್ನ ಬಿಟ್ಟು ಇನ್ಯಾರನ್ನ ಹಂಗೆ ಕೂರಿಸ್ತೀವಿ? ಹಿಂದಿನ ಅಂಗಳದಲ್ಲಿ ಮದುವೆ ನಡೀತಿತ್ತು. ಹುಡುಗಿ ಇದನ್ನ ನೋಡಿದ್ದೇ ತಡ, ಎದ್ದು ಬಂದ್ಬಿಟ್ಲು.”

“ಹೂಜಿಗಳು?”

“ಒಳಗಿನ ಕೋಣೇಲಿ ಭದ್ರವಾಗಿವೆ. ಬೀಗ ಹಾಕಿ, ಬಾಗಿಲಿಗೆ ಅಡ್ಡ ನಮ್ಮತ್ತೇನ ಕೂರಿಸಿದೀನಿ. ಪೊಲೀಸ್ರೂ ದಾಟಲ್ಲ.”

ನೆರ್ಮೀನ್‌ಗೆ ಅಳು ಬರಬೇಕಿತ್ತು, ನಗು ಬಂತು. ಅಷ್ಟರಲ್ಲಿ ವಜೀಹ್ ಒಳಗೆ ಬಂದೇಬಿಟ್ಟರು. ಅವರು ಬಾಯಿ ತೆರೆಯುವ ಮೊದಲೇ ಯಾರೋ ಕೈಗೆ ಕೆಂಪು ಶರಬತ್ತು ತುರುಕಿದರು, ಮದುಮಗನ ಚಿಕ್ಕಪ್ಪ ಸೊಂಟ ಹಿಡಿದು ಕುಣಿತಕ್ಕೆಳೆದ. ಕುಣಿಯುತ್ತ ಕುಣಿಯುತ್ತ ಅವರು ಪೀಠದ ಮೇಲೇ ಹತ್ತಿದರು. ಅಲ್ಲಿ ಮದುಮಗನ ಗೆಳೆಯರ ದಂಡು ಎಗರಾಡುತ್ತಿತ್ತು, ಪೀಠ ಮಾತ್ರ ಅಲುಗಲಿಲ್ಲ. ಇದ್ದಕ್ಕಿದ್ದಂತೆ ವಜೀಹ್ ಕುಣಿತ ನಿಲ್ಲಿಸಿ, ಮಂಡಿಯೂರಿ ಹಲಗೆಯ ಸಂದುಗಳನ್ನು ಸವರಿ ನೋಡಿದರು.

ಬೆವರೊರೆಸುತ್ತ ಕೆಳಗಿಳಿದು ನೆರ್ಮೀನ್‌ಳನ್ನು ಮೂಲೆಗೆ ಕರೆದರು.

“ಇದು ಮುಂದೆ ಯಾವೂರಿಗೆ ಹೋಗುತ್ತೆ?”

“ಅಸ್ಯೂತ್‌ಗೆ, ಸರ್. ನೀವು ಬೇಡ ಅಂದ್ರೆ ಎಲ್ಲಿಗೂ ಇಲ್ಲ.”

“ಬೇಡ ಅಂದೋರ್ಯಾರು? ಅಲ್ಲಿನ ಪ್ರದರ್ಶನ ಹಬ್ಬ ಆದ್ಮೇಲೆ ಇಟ್ಕೋ. ಆಗ್ಲೇ ನನ್ನ ಮಗಳ ಮದುವೆ, ಅದೂ ಅಲ್ಲೇ.” ವಜೀಹ್ ಮತ್ತೊಮ್ಮೆ ಪೀಠದ ಕಡೆ ನೋಡಿ ದನಿ ತಗ್ಗಿಸಿದರು. “ನಡುವೆ ಇನ್ನೊಂದು ಪೆಟ್ಟಿಗೆ ಸೇರಿಸೋಕಾಗುತ್ತಾ? ಅಳಿಯ ಒಂಚೂರು ದಪ್ಪ.”