ಕಂಪನಿಯಿಂದ ಬಂದ ಹಾಗೇ

ಕೊನೆಯ ಬೋಲ್ಟ್ ಮೊಂಡು ಹಿಡಿದಿತ್ತು. ಮೆಕ್ಯಾನಿಕ್ ಅದಕ್ಕೆ ಎಣ್ಣೆ ಬಿಟ್ಟ, ಬೈದ, ಸ್ಪ್ಯಾನರಿನ ತುದಿಗೆ ಪೈಪು ಸಿಕ್ಕಿಸಿ ಮೈಭಾರವನ್ನೆಲ್ಲ ಹಾಕಿದ. ಕಟಕ್ಕನೆ ಸಡಿಲವಾಯಿತು. ಸ್ಟೇರಿಂಗಿನ ಪಕ್ಕದ ಕಬ್ಬಿಣದ ಸರಳು ಕೈಗೆ ಬಂತು. ಗ್ಯಾರೇಜಿನ ಷಟರ್ ಅರ್ಧಕ್ಕೆ ಇಳಿದಿತ್ತು. ಊಟದ ಹೊತ್ತಿಗೆ ಮುಂಚೆ ಬರುತ್ತೇನೆಂದು ವಿಮಾ ಕಂಪನಿಯ ಸರ್ವೇಯರ್ ಫೋನು ಮಾಡಿದ್ದ.

ಆ ಸರಳನ್ನು ಮಾಡಿ ಕೂರಿಸಿದವನೂ ಈ ಮೆಕ್ಯಾನಿಕ್ಕೇ. ಅಕ್ಕನ ಗಂಡನ ಬಲಗಾಲಿಗೆ ಚಿಕ್ಕಂದಿನಿಂದಲೂ ಬಲವಿಲ್ಲ. ಕಾಲಿನ ಕೆಲಸ ಕೈಗೆ ಬರಲೆಂದು ಪೆಡಲ್‌ಗಳಿಗೆ ಸರಳು ಜೋಡಿಸಿಕೊಟ್ಟಿದ್ದ; ತಳ್ಳಿದರೆ ಬ್ರೇಕ್, ಎಳೆದರೆ ವೇಗ. ಕನ್ನಡಕದ ಗಾಜುಗಳನ್ನು ಅಂಗಡಿ ಅಂಗಡಿಗೆ ತಲುಪಿಸಿ ಭಾವ ಸಂಸಾರ ತೂಗಿಸುತ್ತಿದ್ದುದು ಈ ಕಾರಿನಿಂದಲೇ. ಮೊನ್ನೆ ಸೇತುವೆಯ ತಿರುವಿನಲ್ಲಿ ಎದುರಿಗೆ ನುಗ್ಗಿದ ಲಾರಿಯನ್ನು ತಪ್ಪಿಸಲು ಹೋಗಿ ಗೋಡೆಗೆ ಗುದ್ದಿದ. ಲಾರಿ ನಿಲ್ಲಲಿಲ್ಲ. ಬ್ರೇಕ್ ಹಿಡಿದದ್ದರಿಂದ ಜೀವ ಉಳಿಯಿತು, ಕಾರು ಅಪ್ಪಚ್ಚಿಯಾಯಿತು. ವಿಮೆಯ ಹಣ ಬಂದರೆ ಇನ್ನೊಂದು ಕಾರು. ಬಾರದಿದ್ದರೆ ಅಕ್ಕನ ಮನೆಯ ಒಲೆ ಆರಿದಂತೆಯೇ.

ಕಂಪನಿಗೆ ತಿಳಿಸದೆ ಕಾರಿಗೆ ಏನು ಸೇರಿಸಿದರೂ ವಿಮೆ ಗೋತಾ ಎಂಬುದು ಮೆಕ್ಯಾನಿಕ್‌ಗೆ ಚೆನ್ನಾಗಿ ಗೊತ್ತು. ಹೋದ ವರ್ಷ ಒಬ್ಬ ಗಿರಾಕಿ ಷೋಕಿಗೆಂದು ದಪ್ಪ ಚಕ್ರ ಹಾಕಿಸಿಕೊಂಡಿದ್ದ. ಕಾರು ಪಲ್ಟಿಯಾದಾಗ ಕಂಪನಿಯವರು ಆ ಚಕ್ರಗಳನ್ನೇ ತೋರಿಸಿ ಕೈ ತೊಳೆದುಕೊಂಡಿದ್ದರು. ಹಾಗಂತ ಮೊದಲೇ ತಿಳಿಸಿದರೆ ಕಂತು ಏರುತ್ತದೆ. ಅದಕ್ಕೇ ಸರಳು ಕೂರಿಸಿದ ದಿನ, ಯಾರಿಗೂ ಹೇಳಲು ಹೋಗಬೇಡಿ, ಬಾಯಿ ಹೊಲಿದುಕೊಂಡಿರಿ ಎಂದು ಭಾವನಿಗೆ ಬುದ್ಧಿ ಹೇಳಿದ್ದ. ಭಾವ ತಲೆಯಾಡಿಸಿದ್ದ. ಭಾವ ಎಲ್ಲದಕ್ಕೂ ತಲೆಯಾಡಿಸುವವನೇ. ಅವನ ಬಾಯಿಂದ ಒಂದು ಮಾತು ಹೊರಡಬೇಕಾದರೆ ಮುಹೂರ್ತ ನೋಡಬೇಕು. ಇಂಥ ಮೂಕಬಸವನನ್ನು ಕಟ್ಟಿಕೊಂಡು ಅಕ್ಕ ಹೇಗೆ ಏಗುತ್ತಾಳೋ ಎಂದು ಮೆಕ್ಯಾನಿಕ್‌ಗೆ ಮೊದಲಿನಿಂದಲೂ ಸಂಕಟ.

ಷಟರ್ ಕೆಳಗೆ ಬಗ್ಗಿ ಅಕ್ಕ ಒಳಗೆ ಬಂದಳು. ಆಸ್ಪತ್ರೆಯಿಂದ ನೇರವಾಗಿ ಬಂದಿದ್ದಳು. ನಿದ್ದೆಯಿಲ್ಲದ ಕಣ್ಣು, ಬಾಚದ ತಲೆ. ಭಾವನ ದವಡೆಗೆ ತಂತಿ ಬಿಗಿದಿದ್ದಾರಂತೆ, ಎಚ್ಚರ ಬಂದು ಹೋಗಿ ಮಾಡುತ್ತಿದೆಯಂತೆ.

“ಬೆಳಿಗ್ಗೆ ಕಣ್ಣು ಬಿಟ್ಟವರು ಕೈ ಹಿಂದೆ ಮುಂದೆ ಆಡಿಸಿ ಏನೋ ಹೇಳೋಕೆ ನೋಡಿದ್ರು ಕಣೋ. ನಂಗೆ ಅರ್ಥ ಆಗಲಿಲ್ಲ.”

“ನಂಗಾಯ್ತು ಬಿಡು,” ಎಂದು ಮೆಕ್ಯಾನಿಕ್ ಸರಳನ್ನು ಎತ್ತಿ ತೋರಿಸಿದ. “ಇದನ್ನ ತೆಗೆದುಹಾಕು ಅಂತ.”

ಕಾಲಿನ ವಿಷಯ ಕೇಳಿದರೆ ಏನು ಗತಿ ಎಂದು ಅಕ್ಕ ಹೆದರಿದಳು. ಅವನಿಗೆ ನಗು ಬಂತು.

“ಎರಡೂ ಕಾಲಿಗೆ ಪ್ಲಾಸ್ಟರ್ ಹಾಕಿದಾರಲ್ಲ ಅಕ್ಕ. ಯಾವುದು ಹಳೇದು ಯಾವುದು ಹೊಸದು ಅಂತ ಅವರಜ್ಜ ಬಂದರೂ ಕಂಡುಹಿಡಿಯಕ್ಕಾಗಲ್ಲ.”

ಸರಳನ್ನು ಕತ್ತರಿಸಿ ತುಂಡು ಮಾಡಿದ. ಗುಜರಿಯವನ ಗಾಡಿ ಬಂದಾಗ ಬೇರೆ ಕಬ್ಬಿಣದ ಜತೆ ಸಾಗಹಾಕಿದ. ಬೋಲ್ಟಿನ ತೂತುಗಳನ್ನು ಮುಚ್ಚಿ, ಮೇಲೆ ಗ್ರೀಸು ಸವರಿ, ನೆಲದ ಧೂಳನ್ನೇ ಬಾಚಿ ಉದುರಿಸಿದ. ಇಷ್ಟಕ್ಕೇ ನಿಲ್ಲಲಿಲ್ಲ. ಭಾವನ ಕಾಲು ಸೋಕದ ಬ್ರೇಕ್ ಪೆಡಲ್ ಹೊಸದರಂತೆ ಹೊಳೆಯುತ್ತಿತ್ತು. ಅದರ ರಬ್ಬರು ಕಿತ್ತು, ಇನ್ಯಾವುದೋ ಕಾರಿನ ಸವೆದ ರಬ್ಬರು ತೊಡಿಸಿದ. ತನ್ನ ಕೈಚಳಕವನ್ನು ತಾನೇ ಮೆಚ್ಚಿಕೊಂಡ.

ಸರ್ವೇಯರ್‌ಗೆ ಗ್ಯಾರೇಜಿನವರು ಇಟ್ಟ ಹೆಸರು ಭೂತಗನ್ನಡಿ. ಅವನು ಬಂದವನೇ ನಜ್ಜುಗುಜ್ಜಾದ ಮೂತಿಯನ್ನು ಸುಮ್ಮನೆ ಒಂದು ಸುತ್ತು ನೋಡಿ, ನೇರವಾಗಿ ಸ್ಟೇರಿಂಗಿನ ಕೆಳಗೆ ತಲೆ ತೂರಿಸಿದ. ಟಾರ್ಚು ಹಾಕಿದ. ಕೈಯಾಡಿಸಿದ. ಮತ್ತೆ ಟಾರ್ಚು ಹಾಕಿದ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಚಾಡಿ ಹೇಳಿದವರು ಯಾರಿರಬಹುದು ಎಂದು ಮೆಕ್ಯಾನಿಕ್ ಮನಸ್ಸಿನಲ್ಲೇ ಒಬ್ಬೊಬ್ಬರನ್ನು ಶಪಿಸತೊಡಗಿದ.

“ಇಲ್ಲಿ ಬೇರೆ ಏನಾದ್ರೂ ಜೋಡಿಸಿತ್ತಾ?” ಒಳಗಿನಿಂದಲೇ ಕೇಳಿದ ಸರ್ವೇಯರ್.

“ಏನೂ ಇಲ್ಲ ಸರ್. ಕಂಪನಿಯಿಂದ ಬಂದ ಹಾಗೇ ಇದೆ.”

“ಗುದ್ದಿದ ಮೇಲೆ ನೀವೇನೂ ಬಿಚ್ಚಿಲ್ಲ ತಾನೇ?”

“ಒಂದು ನಟ್ಟೂ ಮುಟ್ಟಿಲ್ಲ ಸರ್.”

ಸರ್ವೇಯರ್ ಹೊರಗೆ ಬಂದು ಮೊಣಕಾಲಿನ ಧೂಳು ಕೊಡವಿಕೊಂಡ. ಅವಸರವೇನಿಲ್ಲ, ಚೆನ್ನಾಗಿ ಯೋಚನೆ ಮಾಡಿ ಹೇಳಿ ಎಂದ. ದನಿಯಲ್ಲಿ ಬೇಡಿಕೊಳ್ಳುವಂಥದ್ದೇನೋ ಇತ್ತು. ಮೆಕ್ಯಾನಿಕ್ ಇಂಥ ಬೆಣ್ಣೆ ಮಾತನ್ನು ಎಷ್ಟು ಕಂಡಿಲ್ಲ! ನಯವಾಗಿ ಕೇಳಿ ಬಾಯಿ ಬಿಡಿಸುವುದೇ ಇವರ ಕಸುಬು. ಅವನು ಜಗ್ಗಲಿಲ್ಲ. ಹಾಗಾದರೆ ಅದನ್ನೇ ಬರೆದುಕೊಡಿ ಎಂದಾಗ ಮರುಮಾತಿಲ್ಲದೆ ಬರೆದ, ಸಹಿ ಹಾಕಿದ, ಗ್ಯಾರೇಜಿನ ಮೊಹರನ್ನೂ ಒತ್ತಿದ. ಅಕ್ಕನಿಗೆ ಕಣ್ಣಲ್ಲೇ ಧೈರ್ಯ ಹೇಳಿದ. ಮೂರು ದಿನದಿಂದ ಬಿಗಿದುಕೊಂಡಿದ್ದ ಅವಳ ಮುಖ ಮೊದಲ ಬಾರಿಗೆ ಸಡಿಲವಾಯಿತು. ಒಡಹುಟ್ಟಿದವಳ ಸಂಸಾರ ಉಳಿಸಿದೆನೆಂಬ ಹೆಮ್ಮೆಯಿಂದ ಅವನ ಎದೆ ತುಂಬಿ ಬಂತು.

ಸರ್ವೇಯರ್ ಕಾಗದ ಮಡಚಿ ಜೇಬಿಗಿಟ್ಟುಕೊಂಡು ಅಕ್ಕನ ಕಡೆ ತಿರುಗಿದ. “ಹಣ ಬರಲ್ಲಮ್ಮ. ಬಲಗಾಲು ಕೆಲಸ ಮಾಡಲ್ಲ, ಕೈಯಲ್ಲಿ ಬ್ರೇಕ್ ಹಾಕೋ ಸರಳು ಕೂರಿಸ್ಕೊಂಡಿದೀನಿ ಅಂತ ನಿಮ್ಮ ಯಜಮಾನರು ನಮಗೆ ಅವತ್ತೇ ತಿಳಿಸಿ, ವರ್ಷಾವರ್ಷ ಅದಕ್ಕೆ ಹೆಚ್ಚಿನ ಕಂತೂ ಕಟ್ಟಿದಾರೆ; ಅದಿಲ್ಲದ ಈ ಕಾರನ್ನ ಅವರು ಯಾವ ಕಾಲಲ್ಲಿ ಓಡಿಸಿದ್ರು ಅಂತ ನಾನು ಬರೀಲಿ?”