ಬಿಡುಗಡೆಯಾದವನು

ಮೈದುನ ಹೊಸ್ತಿಲು ದಾಟುವ ಮೊದಲೇ ಅವಳು ಬಾಗಿಲಿಗೆ ಅಡ್ಡ ನಿಂತಳು.

“ಇವನು ಒಳಗೆ ಬಂದ್ರೆ ನಾನು ಹೊರಗೆ ಹೋಗ್ತೀನಿ ಮಾವ. ಯಾರು ಬೇಕು ನೀವೇ ನೋಡ್ಕೊಳ್ಳಿ.”

ಮಗನ ಚೀಲವನ್ನು ಮಾವ ತಾವೇ ಹೊತ್ತು ತಂದಿದ್ದರು. ಆರು ವರ್ಷ ಜೈಲಿನ ಬಾಗಿಲಿಗೆ ತಪ್ಪದೆ ಎಡತಾಕಿದ ಮುದುಕ. ಇವತ್ತು ಮುಖದಲ್ಲಿ ಮದುವೆಮನೆಯ ಕಳೆ. ಅದನ್ನು ಕಂಡೇ ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಉರಿಯದೆ ಏನು? ಇವರ ಮರಗೆಲಸದ ಕಾರ್ಖಾನೆಯಲ್ಲಿ ವಾರ್ನಿಷ್ ಬಳಿಯುತ್ತಿದ್ದವನು ಅವಳ ಒಬ್ಬನೇ ತಮ್ಮ. ಧೂಳು ಕೂರದಿರಲೆಂದು ವಾರ್ನಿಷ್ ಕೋಣೆಯ ಶಟರ್ ಅನ್ನು ಹೊರಗಿನಿಂದ ಎಳೆದಿಡುವುದು ವಾಡಿಕೆ. ಅವತ್ತು ಹೊರಗೆ ಸೇದಿ ಎಸೆದ ಸಿಗರೇಟು ಥಿನ್ನರ್ ಡಬ್ಬಗಳಿಗೆ ತಗುಲಿ ಬೆಂಕಿ ಹೊತ್ತಿಕೊಂಡಿತು. ತಮ್ಮ ಒಳಗಿದ್ದರೂ ಎಸೆದವನು ಶಟರ್ ಎತ್ತದೆ ಓಡಿಹೋದ. ಪೊಲೀಸರು ಬಂದಾಗ ಮೈದುನ ಮುಂದೆ ಬಂದು, “ನಾನೇ” ಅಂದ. ಅವಳಾಗ ತುಂಬು ಗರ್ಭಿಣಿ. ಮಗಳ ಮುಖ ನೋಡುವ ಮೊದಲು ತಮ್ಮನ ಸುಟ್ಟ ಮುಖ ನೋಡಿದ್ದಳು.

ತಾನು ಮರದ ಡಿಪೋದಲ್ಲಿದ್ದಾಗ ಹೀಗಾಯಿತಲ್ಲ ಎಂದು ಗಂಡ ಹಲುಬಿದ್ದ. ಅವತ್ತಿನಿಂದ ಸಿಗರೇಟು ಮುಟ್ಟಿರಲಿಲ್ಲ. ಭಾಮೈದನೆಂದರೆ ಅವರಿಗೆ ಅಷ್ಟು ಪ್ರೀತಿ ಎಂದು ಅವಳು ಕಂಡಕಂಡವರ ಮುಂದೆ ಹೇಳಿಕೊಂಡಿದ್ದಳು. ಈಗಲೂ ಗಂಡ ನಡುಮನೆಯಲ್ಲಿ ಬೆವರುತ್ತ ನಿಂತಿದ್ದ. ಒಡಹುಟ್ಟಿದವನ ಮುಖವನ್ನೇ ನೋಡುತ್ತಿರಲಿಲ್ಲ. ಹಾಗೇ ಆಗಬೇಕು, ಅಂದುಕೊಂಡಳು.

“ದಾರಿ ಬಿಡಮ್ಮ,” ಅಂದರು ಮಾವ. “ತಪ್ಪು ಮಾಡಿದವರನ್ನೂ ದೇವರು ಪ್ರೀತಿಸ್ತಾನೆ.”

“ನಿಮ್ಮ ದೇವರ ಪ್ರೀತಿಯ ಮಾತು ನನ್ನ ಮುಂದೆ ಎತ್ತಬೇಡಿ. ಪಾದ್ರಿಗಳೂ ಅದನ್ನೇ ಹೇಳಿದ್ರು, ಅವತ್ತಿಂದ ಚರ್ಚಿನ ಮೆಟ್ಟಿಲು ಹತ್ತಿಲ್ಲ ನಾನು. ಪಾಪ ಮಾಡಿದವರು ಉಳೀಲಿ ಅಂತ ಏನೂ ಮಾಡದ ಸ್ವಂತ ಮಗನ್ನ ಶಿಲುಬೆಗೆ ಕೊಟ್ಟನಂತೆ! ಅದೂ ಒಂದು ಪ್ರೀತಿನಾ? ಎಂಥ ಅಪ್ಪ ಅವನು?”

ಮಾವನ ಮುಖದ ಕಳೆ ಅಲ್ಲಿಗೇ ಇಂಗಿಹೋಯಿತು.

“ನಾನೂ ದಿನಾ ಪ್ರಾರ್ಥನೇಲಿ ಅದನ್ನೇ ಕೇಳ್ತೀನಮ್ಮ. ಒಂದು ಮಾತ್ರ ಗೊತ್ತು. ಕೊಟ್ಟವನ ಕರುಳೂ ಕಿತ್ತು ಬಂದಿರುತ್ತೆ.”

“ಕರುಳಂತೆ!” ಅವಳು ಚೀಲ ಕಸಿದು ಬೀದಿಗೆಸೆದಳು. ಎರಡು ಅಂಗಿ, ಒಂದು ಟವೆಲ್ಲು, ಸೋಪಿನ ಡಬ್ಬಿ ಚೆಲ್ಲಾಪಿಲ್ಲಿಯಾದವು. ಎದುರುಮನೆಯ ಕಿಟಕಿ ತೆರೆಯಿತು.

ಮೈದುನ ಬಗ್ಗಿ ಒಂದೊಂದೇ ಆರಿಸಿಕೊಂಡ. “ಬಿಡಿ ಅಪ್ಪ. ಅತ್ತಿಗೆ ಹೇಳೋದ್ರಲ್ಲಿ ತಪ್ಪೇನಿದೆ? ನಾನು ಎಲ್ಲಾದ್ರೂ ಇರ್ತೀನಿ. ಅಣ್ಣನ ಸಂಸಾರ ಚೆನ್ನಾಗಿರ್ಲಿ.”

ಆ ತಣ್ಣನೆಯ ದನಿಗೇ ಅವಳ ಸಿಟ್ಟು ನೆತ್ತಿಗೇರಿತು. ಅಳಲಿ, ಕಾಲಿಗೆ ಬೀಳಲಿ, ಕೊನೆಗೆ ಜಗಳವಾದರೂ ಆಡಲಿ, ಏನೂ ಇಲ್ಲ. ಅವನು ಬೀದಿಯ ತಿರುವು ಮುಟ್ಟುವ ಮೊದಲೇ ಹಿಂದೆ ಓಡಿ, ತೋಳು ಹಿಡಿದು ತಿರುಗಿಸಿದಳು. ಇಷ್ಟು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಹೊರಬಿತ್ತು.

“ಕೊನೆಗಳಿಗೇಲಿ ನನ್ನ ತಮ್ಮ ಏನಂದ? ಒಳಗಿಂದ ಏನಾದ್ರೂ ಕೂಗಿರ್ತಾನೆ. ಅಷ್ಟು ಹೇಳಿ ಎಲ್ಲಾದ್ರೂ ಹಾಳಾಗಿ ಹೋಗು.”

ಮೈದುನ ಬಾಯಿ ತೆರೆದ. ಅಪ್ಪನ ಕಡೆ ನೋಡಿದ. ಹೊಸ್ತಿಲಲ್ಲಿ ನಿಂತಿದ್ದ ಮಾವ ಕಣ್ಣು ಮುಚ್ಚಿಕೊಂಡರು.

“ಅದನ್ನೂ ಮರೆತುಬಿಟ್ಟೆಯಾ!”

ಅವಳು ಅವನ ಕೆನ್ನೆಗೆ ಬಾರಿಸಿದಳು. ಅವನು ತಡೆಯಲಿಲ್ಲ. ಇನ್ನೊಂದು ಏಟಿಗೆ ಕೈಯೆತ್ತಿದಾಗ ಹಿಂದಿನಿಂದ ಯಾರೋ ಅವಳ ಮಣಿಕಟ್ಟು ಹಿಡಿದರು.

“ಬೇಡ ಅಣ್ಣ,” ಮೈದುನ ಅಂಗಲಾಚಿದ. “ಎಲ್ಲ ಮುಗಿದುಹೋಗಿದೆ. ಹೇಳಬೇಡ.”

“‘ಭಾವಾ, ಶಟರ್ ಎತ್ತಿ’ ಅಂತ ಕೂಗ್ದ,” ಅಂದ ಅವಳ ಗಂಡ. “ನಾನು ಓಡಿಬಿಟ್ಟೆ.”