ಹೇಳದೆ ಉಳಿದ ಹೆಸರು

“ನಿಮ್ಮ ಯಜಮಾನರ ಹೆಸರೇನ್ರಿ?” ಚಹಾದಂಗಡಿಯ ಮುದುಕ ಕೇಳಿದಾಗ ಶೇಖವ್ವ ರೂಢಿಯಂತೆ ಸೆರಗು ಬಾಯಿಗೆ ಒತ್ತಿಕೊಂಡಳು. ಎದುರಿಗೆ ಹುಬ್ಬಳ್ಳಿಯ ಗಿರಣಿ ಓಣಿ ನೆಲಸಮವಾಗಿ ಬಿದ್ದಿತ್ತು.

ತೀರಿಹೋದ ಗಂಡನ ಬಳಗ ಹುಡುಕಿಕೊಂಡು ಕಳೆದ ವರ್ಷ ಹತ್ತಿಮತ್ತೂರಿನಿಂದ ಒಬ್ಬಳೇ ಬಂದಾಗ ಓಣಿ ಇನ್ನೂ ಇತ್ತು. ಹೊಸ್ತಿಲಲ್ಲಿ ಕುಳಿತಿದ್ದ ಮುದುಕಿಯೊಬ್ಬಳು ನೀರು ಕೊಟ್ಟು ಇದನ್ನೇ ಕೇಳಿದ್ದಳು. ಗಂಡನ ಹೆಸರು ತಾನು ಹೇಗೆ ಹೇಳುವುದು? ಮಗಳನ್ನು ಕರೆತಂದು ಹೇಳಿಸಿದರಾಯಿತೆಂದು ಶೇಖವ್ವ ನಾಚಿ ಬಸ್ಸು ಹತ್ತಿದ್ದಳು.

ಈಗ ಮಗಳು ರಾಜಶ್ರೀ ಬಾಯಿ ತೆರೆಯುವ ಮೊದಲೇ ಶೇಖವ್ವ ಸೆರಗು ಸರಿಸಿದಳು. “ನೀಲಪ್ಪ.” ಬಾಳಿನಲ್ಲೇ ಮೊದಲ ಸಲ.

ಮುದುಕ ಕೈಯಲ್ಲಿದ್ದ ಚಹಾದ ಬಸಿ ಕೆಳಗಿಟ್ಟ. “ಸಣ್ಣಾಂವಿದ್ದಾಗ ಮನಿ ಬಿಟ್ಟು ಹೋದ ನೀಲಪ್ಪ? ಅವನ ಅಕ್ಕ ಹೋದ ತಿಂಗಳ ತೀರಿಕೊಂಡಳ್ರಿ. ಓಣಿ ಕೆಡವೂತನಕಾ ಹೊಸ್ತಿಲದಾಗ ಕುಂತು ಬಂದೋರನ್ನೆಲ್ಲಾ ಕೇಳತಿದ್ದಳು, ಯಾರರೆ ಆ ಹೆಸರು ಹೇಳಿಯಾರು ಅಂತ.”